ಮುಖ ತೊಳೆದಾದ ಮೇಲೆ ಟೋನರ್ ಬೇಕೆ?

ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಟೋನರ್‌ನದೇ ಮಾತು, ಅಂದರೆ ಮುಖ ತೊಳೆದ ಮೇಲೆ ಹಚ್ಚುವ ನೀರಿನಂಥ ದ್ರವದ್ದು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಬೋರ್‌ವೆಲ್ ನೀರು. ಸೋಪು ಹಾಕಿ ಮುಖ ತೊಳೆದರೆ ಐದೇ ನಿಮಿಷಕ್ಕೆ ಬಿಗಿದುಕೊಂಡು ಬಾಯಿಯ ಸುತ್ತ ಬಿಳಿಚಿಕೊಳ್ಳುತ್ತದೆ. ಪಾರ್ಲರಿನಲ್ಲಿ ‘ಪಿಎಚ್ ಸರಿಹೋಗಬೇಕು, ಟೋನರ್ ಹಾಕಿ’ ಅಂದರು. ಒಂದು ಬಾಟಲಿ ಮುಗಿಸಿದೆ, ಬಿಗಿತ ಹೋಗಿಲ್ಲ. (ಮಂಡ್ಯ)

ಉತ್ತರ: ನಿಮ್ಮ ತೊಂದರೆ ಇರುವುದು ಮುಖ ತೊಳೆಯುವ ರೀತಿಯಲ್ಲಿ. ಅಲ್ಲಿ ಸರಿಮಾಡದೆ ಮೇಲಿಂದ ಟೋನರ್ ಸುರಿದರೆ ಸೋರುವ ಕೊಡಕ್ಕೆ ನೀರು ತುಂಬಿದಂತೆ.

ಚರ್ಮದ ಮೇಲ್ಪದರ ಸ್ವಲ್ಪ ಹುಳಿಯ ಕಡೆಗಿರುತ್ತದೆ, ಪಿಎಚ್ ಸುಮಾರು 5ರ ಆಸುಪಾಸು. (ಪಿಎಚ್ ಎಂದರೆ ಹುಳಿ-ಕ್ಷಾರದ ಅಳತೆ: 7 ನಡುಮಟ್ಟ, ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ.) ಎಣ್ಣೆ ಮತ್ತು ಕ್ಷಾರದಿಂದ ಮಾಡಿದ ಮಾಮೂಲಿ ಸೋಪು 9ರಿಂದ 10. ಸಾಲದ್ದಕ್ಕೆ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲದ ಜೊತೆ ಸೇರಿ ನೀರಲ್ಲಿ ಕರಗದ ಜಿಡ್ಡಾಗುತ್ತದೆ. ಬಕೆಟ್ಟಿನ ಒಳಗೋಡೆಗೆ ಕೂರುವ ಬೂದು ಕರೆ ಇದೆಯಲ್ಲ, ಅದೇ ಇದು. ಮುಖದ ಮೇಲೂ ಕೂರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ, ಎಂದರೆ ಈ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶಕ್ಕೆ, ಲೀಟರಿಗೆ 200 ಮಿಲಿಗ್ರಾಂ ಒಪ್ಪಬಹುದಾದ ಮಿತಿ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಮನೆಯ ನೀರು ಗಡಸೋ ಅಲ್ಲವೋ ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕಿಲ್ಲ. ಸೋಪು ನೊರೆ ಕೊಡದೆ ಸತಾಯಿಸಿದರೆ, ತೊಗರಿಬೇಳೆ ಹೊತ್ತಾದರೂ ಬೇಯದಿದ್ದರೆ, ನಲ್ಲಿಯ ಬಾಯಿಗೆ ಬಿಳಿ ಪುಡಿ ಕಟ್ಟಿದರೆ ಗಡಸು ನೀರೆಂದೇ ತಿಳಿಯಿರಿ.

ಮೊದಲು ಸೋಪು ಬದಲಿಸಿ. ಕಟ್ಟಿನ ಹಿಂಬದಿ ಓದಿ: ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್ ಎಂದು ಶುರುವಾದರೆ ಅದು ಮಾಮೂಲಿ ಸೋಪು. ಸೋಡಿಯಂ ಕೊಕಾಯ್ಲ್ ಐಸೆಥಿಯೊನೇಟ್ ಎಂದು ಶುರುವಾದರೆ ಸಿಂಡೆಟ್ ಬಾರ್, ಎಂದರೆ ನೋಡಲು ಸೋಪಿನಂತಿದ್ದರೂ ಸೋಪಲ್ಲದ ಬಿಲ್ಲೆ. ಅದು ಗಡಸು ನೀರಲ್ಲೂ ಜಿಡ್ಡು ಕಟ್ಟುವುದು ಬಹಳ ಕಡಿಮೆ. ಅಥವಾ ನೊರೆ ಕಡಿಮೆ ಬರುವ ಫೇಸ್‌ವಾಶ್ ತಗೊಳ್ಳಿ, ಒಂದು ಸಲಕ್ಕೆ ಕಡಲೆಕಾಳಿನಷ್ಟು ಸಾಕು. ಬೋರ್ ನೀರಲ್ಲೇ ತೊಳೆಯಿರಿ, ಕಡೆಯಲ್ಲಿ ಮಾತ್ರ ಒಂದು ಚೊಂಬು ಕಾವೇರಿ ನೀರೋ ಫಿಲ್ಟರ್ ನೀರೋ ಹಾಕಿಕೊಳ್ಳಿ. ಕಾಯಿಸಿ ಆರಿಸಿದ ನೀರಲ್ಲಿ ಬೈಕಾರ್ಬನೇಟಿನಿಂದ ಬಂದ ಗಡಸುತನ ತಳಕ್ಕಿಳಿಯುತ್ತದೆ, ಸಲ್ಫೇಟು ಕ್ಲೋರೈಡಿನದು ಇಳಿಯುವುದಿಲ್ಲ. ಹಾಗಾಗಿ ಕಾಯಿಸಿದ ಮಾತ್ರಕ್ಕೆ ಎಲ್ಲ ನೀರೂ ಮೆದುವಾಗದು. ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿ, ಮುಖ ಇನ್ನೂ ಹಸಿಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಎರಡು ವಾರ ಇಷ್ಟೇ ಮಾಡಿ ನೋಡಿ, ಟೋನರ್ ಬೇಡ.

ಪಿಎಚ್ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆರೋಗ್ಯವಾಗಿರುವ ಚರ್ಮ ಕೆಲವು ಗಂಟೆಗಳಲ್ಲಿ ತನ್ನ ಹುಳಿಯನ್ನು ತಾನೇ ಮರಳಿ ಪಡೆಯುತ್ತದೆ. ಹಿಂದೆ ಟೋನರ್ ಬೇಕಾಗುತ್ತಿದ್ದದ್ದೇ ಸೋಪಿನ ಜಿಡ್ಡನ್ನೋ ಕೋಲ್ಡ್ ಕ್ರೀಮಿನ ಎಣ್ಣೆಯನ್ನೋ ಒರೆಸಿ ತೆಗೆಯಲು. ತೊಳೆಯುವುದು ಸರಿಯಾಗಿದ್ದರೆ ಆ ಕೆಲಸ ಈಗ ಉಳಿದಿಲ್ಲ. ಈಗಿನ ಟೋನರ್ ಎಂದರೆ ನೀರಿನಲ್ಲಿ ಕರಗಿಸಿದ ಯಾವುದೋ ಒಂದು ಉಪಯುಕ್ತ ವಸ್ತು. ಆ ವಸ್ತು ನಿಮಗೆ ಬೇಕೆ ಅನ್ನುವುದೇ ಪ್ರಶ್ನೆ.

ಪ್ರಶ್ನೆ: ನನ್ನದು ಎಣ್ಣೆ ಚರ್ಮವೋ ಒಣ ಚರ್ಮವೋ ಗೊತ್ತಾಗುತ್ತಿಲ್ಲ. ಮೂಗು ಜಿಡ್ಡು, ಕೆನ್ನೆ ಒಡೆಯುತ್ತದೆ. ಅಂಗಡಿಯಲ್ಲಿ ಹತ್ತು ಬಗೆಯ ಟೋನರ್ ಇದೆ, ಯಾವುದನ್ನು ಕೊಳ್ಳಲಿ? (ಕುವೆಂಪುನಗರ, ಮೈಸೂರು)

ಉತ್ತರ: ರಜೆಯ ದಿನ ಬೆಳಗ್ಗೆ ಹದವಾದ ಫೇಸ್‌ವಾಶ್‌ನಲ್ಲಿ ಮುಖ ತೊಳೆದು, ಒತ್ತಿ ಒರೆಸಿ, ಏನೂ ಹಚ್ಚದೆ ಒಂದು ಗಂಟೆ ಬಿಡಿ. ಫ್ಯಾನ್ ಕೆಳಗೆ ಕೂರಬೇಡಿ, ಒಲೆಯ ಮುಂದೆಯೂ ನಿಲ್ಲಬೇಡಿ. ಆಮೇಲೆ ಹಣೆ, ಮೂಗು, ಗಲ್ಲ, ಎರಡು ಕೆನ್ನೆಗೆ ಬೇರೆ ಬೇರೆ ಟಿಶ್ಯೂ ಒತ್ತಿ ಬೆಳಕಿಗೆ ಹಿಡಿಯಿರಿ. ಎಲ್ಲದರಲ್ಲೂ ಎಣ್ಣೆಯ ಗುರುತಿದ್ದರೆ ಎಣ್ಣೆ ಚರ್ಮ. ಎಲ್ಲಿಯೂ ಇಲ್ಲದೆ ನಕ್ಕಾಗ ಕೆನ್ನೆ ಎಳೆದಂತಾದರೆ ಒಣ ಚರ್ಮ. ನಿಮ್ಮ ವಿವರಣೆ ನೋಡಿದರೆ ಹಣೆ ಮೂಗಿನಲ್ಲಿ ಗುರುತು ಬಿದ್ದು ಕೆನ್ನೆ ಒಣಗಿರುತ್ತದೆ, ಅದು ಮಿಶ್ರ ಚರ್ಮ. ಏನು ಹಚ್ಚಿದರೂ ಉರಿ, ಕೆಂಪು ಎನ್ನುವವರದು ಸೂಕ್ಷ್ಮ ಚರ್ಮ. ಅವರಿಗೆ ಟಿಶ್ಯೂ ಪರೀಕ್ಷೆ ಏನನ್ನೂ ಹೇಳದು.

ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲವಾದರೂ ಮಾಡಬೇಕು. ಆಷಾಢದ ತೇವದಲ್ಲಿ ಜಿಡ್ಡಾಗಿರುವ ಮುಖವೇ ಶಿವರಾತ್ರಿ ಕಳೆದ ಮೇಲಿನ ಒಣ ಬಿಸಿಲಲ್ಲಿ ಸಿಪ್ಪೆ ಏಳುತ್ತದೆ. ಹೋದ ಮಳೆಗಾಲದಲ್ಲಿ ಹೊಂದಿಕೊಂಡ ಬಾಟಲಿ ಮಾರ್ಚ್‌ನಲ್ಲಿ ಉರಿಸಿದರೆ ಬಾಟಲಿ ಕೆಟ್ಟಿದೆ ಎಂದಲ್ಲ.

ಬಾಟಲಿಯ ಮುಂದಿನ ಹೂವಿನ ಚಿತ್ರ ಬಿಡಿ, ಹಿಂದಿನ ಪಟ್ಟಿ ನೋಡಿ. ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕಡೆಗೆ. ಶೇ 1ಕ್ಕಿಂತ ಕಡಿಮೆ ಇರುವವು ಹೇಗೆ ಬೇಕಾದರೂ ಬರಬಹುದು. ಒಣ ಚರ್ಮಕ್ಕೆ ನೀರಿನ ನಂತರ ಗ್ಲಿಸರಿನ್, ಪ್ಯಾಂಥೆನಾಲ್, ಸೋಡಿಯಂ ಹಯಲುರೊನೇಟ್, ಬೀಟೈನ್ ಇರಲಿ. ಇವು ನೀರನ್ನು ಹಿಡಿದಿಡುವ ವಸ್ತುಗಳು, ಆದರೆ ಮೇಲೆ ಕ್ರೀಮ್ ಮುಚ್ಚಬೇಕು. ಇಲ್ಲವಾದರೆ ಒಣಗಾಳಿಯಲ್ಲಿ ನೀರು ಆವಿಯಾಗಿ ಮುಖ ಮೊದಲಿಗಿಂತ ಬಿಗಿಯುತ್ತದೆ. ಬರೀ ಟೋನರ್ ಸಿಂಪಡಿಸಿ ಸುಮ್ಮನಾಗುವವರ ದೂರೆಲ್ಲ ಇದೇ. ಎಣ್ಣೆ ಚರ್ಮಕ್ಕೆ ನಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ) ಶೇ 2ರಿಂದ 5 ಒಳ್ಳೆಯದು; ಮೊಡವೆ, ಬ್ಲ್ಯಾಕ್‌ಹೆಡ್ ಇದ್ದರೆ ಸ್ಯಾಲಿಸಿಲಿಕ್ ಆಮ್ಲ. ಸೂಕ್ಷ್ಮ ಚರ್ಮದವರು ಸುಗಂಧ, ಮದ್ಯಸಾರ, ಪುದೀನಾ ಸತ್ವ, ಸಿಟ್ರಸ್ ಎಣ್ಣೆ ಇಲ್ಲದ, ಪಟ್ಟಿ ಆದಷ್ಟು ಚಿಕ್ಕದಿರುವ ಬಾಟಲಿ ಹುಡುಕಲಿ, ಅಥವಾ ಟೋನರನ್ನೇ ಕೈಬಿಡಲಿ. ಕೈಬಿಟ್ಟರೆ ನಷ್ಟವೇನೂ ಇಲ್ಲ.

ನಿಮಗೆ ಎರಡು ಬಾಟಲಿ ಬೇಡ. ಗ್ಲಿಸರಿನ್ ಇರುವ ಒಂದನ್ನೇ ಮುಖಕ್ಕೆಲ್ಲ ಹಚ್ಚಿ. ವಾರಕ್ಕೆ ಎರಡು ರಾತ್ರಿ ಮೂಗಿಗೂ ಹಣೆಗೂ ಮಾತ್ರ ಸ್ಯಾಲಿಸಿಲಿಕ್ ಇರುವ ಫೇಸ್‌ವಾಶ್ ಹಾಕಿ ತೊಳೆದರೆ ಆಯಿತು.

ಹೊಸದನ್ನು ಮೊದಲ ದಿನವೇ ಮುಖಕ್ಕೆ ಹಚ್ಚಬೇಡಿ. ಮೊಣಕೈಯ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ. ಅಲರ್ಜಿ ಎರಡು ಮೂರು ದಿನ ತಡವಾಗಿ ಕಾಣಿಸಿಕೊಳ್ಳುವುದುಂಟು, ಹಾಗಾಗಿ ಒಂದು ರಾತ್ರಿಯ ಪರೀಕ್ಷೆ ಸಾಲದು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಹಣೆ ತುಂಬ ಮೊಡವೆ. ಚುರ್ ಎನ್ನುವ ಟೋನರ್ ಹಚ್ಚಿದರೆ ರಂಧ್ರ ಮುಚ್ಚಿಕೊಂಡ ಹಾಗೆ ಅನಿಸುತ್ತದೆ, ಆದರೆ ಮಧ್ಯಾಹ್ನದೊಳಗೆ ಮತ್ತೆ ಎಣ್ಣೆ. (ವಿಜಯನಗರ, ಮೈಸೂರು)

ಉತ್ತರ: ಚುರ್ ಎನ್ನುವುದು ಮದ್ಯಸಾರ. ಆವಿಯಾಗುವಾಗ ತಣ್ಣಗಾಗುತ್ತದೆ, ಎಣ್ಣೆ ಅಳಿಸಿಹೋಗುತ್ತದೆ, ಚರ್ಮ ಒಂದರ್ಧ ಗಂಟೆ ಬಿಗಿದಂತಿರುತ್ತದೆ. ರಂಧ್ರ ಮುಚ್ಚುವುದಿಲ್ಲ, ಬಾಗಿಲಿನಂತೆ ಮುಚ್ಚಿ ತೆರೆಯಲು ಅದಕ್ಕೆ ಸ್ನಾಯುವೇ ಇಲ್ಲ. ಅದು ಕೂದಲ ಬುಡದ, ಎಣ್ಣೆಗ್ರಂಥಿಯ ಬಾಯಿ. ಒಳಗೆ ಎಣ್ಣೆಯೂ ಸತ್ತ ಕೋಶವೂ ಕಟ್ಟಿಕೊಂಡಾಗ ದೊಡ್ಡದಾಗಿ ಕಾಣುತ್ತದೆ, ಖಾಲಿಯಾದಾಗ ಚಿಕ್ಕದಾಗಿ ಕಾಣುತ್ತದೆ. ಆ ಕಟ್ಟನ್ನು ಬಿಡಿಸುವುದು ಸ್ಯಾಲಿಸಿಲಿಕ್. ಅದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದ ಒಳಗೆ ಇಳಿಯಬಲ್ಲದು. ಮದ್ಯಸಾರ ದಿನಕ್ಕೆ ಎರಡು ಮೂರು ಸಲ ಬಿದ್ದರೆ ಮೇಲ್ಪದರ ಹರಿದು, ಎಣ್ಣೆ ಚರ್ಮವೂ ಒಳಗೆ ಒಣಗಿ, ಮೇಲೆ ಜಿಡ್ಡು ಒಳಗೆ ಉರಿ ಎಂಬ ಸ್ಥಿತಿಗೆ ಬರುತ್ತದೆ.

ಶೇ 0.5ರಿಂದ 2ರೊಳಗಿನ ಸ್ಯಾಲಿಸಿಲಿಕ್ ಟೋನರ್ ಆರಿಸಿ, ಮೊದಲ ಸಲವಾದರೆ ಶೇ 1ರ ಒಳಗೇ ಇರಲಿ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ನಾಲ್ಕೈದು ಹನಿ ಅಂಗೈಗೆ ಹಾಕಿಕೊಂಡು ಮೊಡವೆ ಇರುವ ಕಡೆ ಒತ್ತಿ ಹಚ್ಚಿ. ಹಸಿ ಮುಖಕ್ಕೆ ಆಮ್ಲ ಹೆಚ್ಚು ಒಳಗಿಳಿದು ಉರಿಸುತ್ತದೆ. ಗ್ಲಿಸರಿನ್ ಟೋನರನ್ನು ಹಸಿ ಮುಖಕ್ಕೆ, ಆಮ್ಲದ ಟೋನರನ್ನು ಒಣ ಮುಖಕ್ಕೆ, ಇದನ್ನು ಅದಲುಬದಲು ಮಾಡಬೇಡಿ. ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ. ಸಿಪ್ಪೆ, ಉರಿ ಇಲ್ಲದಿದ್ದರೆ ಮೂರು, ಆಮೇಲೆ ದಿನ ಬಿಟ್ಟು ದಿನ. ವೈದ್ಯರು ಅಡಾಪಲೀನ್, ಟ್ರೆಟಿನಾಯಿನ್, ಬೆಂಜಾಯಿಲ್ ಪೆರಾಕ್ಸೈಡ್ ಯಾವುದಾದರೂ ಬರೆದುಕೊಟ್ಟಿದ್ದರೆ ಅದೇ ರಾತ್ರಿ ಇದನ್ನು ಹಚ್ಚಬೇಡಿ. ಆಸ್ಪಿರಿನ್ ಅಲರ್ಜಿ ಇರುವವರಿಗೆ ಸ್ಯಾಲಿಸಿಲಿಕ್ ಬೇಡವೇ ಬೇಡ. ಆರರಿಂದ ಎಂಟು ವಾರ ಕಾಯದೆ ಬಾಟಲಿ ಬದಲಿಸಬೇಡಿ. ನಡುವೆ ಮೊಡವೆ ಗಂಟುಕಟ್ಟಿ ನೋಯತೊಡಗಿದರೆ, ಗುಳಿ ಬೀಳತೊಡಗಿದರೆ ಕಾಯಬೇಡಿ, ಚರ್ಮವೈದ್ಯರ ಬಳಿ ಹೋಗಿ.

ಅಂದಹಾಗೆ, ಮೊಡವೆ ಹಣೆಯಲ್ಲೇ ಇರುವುದರಿಂದ ಒಂದು ಮಾತು: ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಹಾಗೇ ಮಲಗುತ್ತೀರಾ? ಬೆವರಿನ ಜೊತೆ ಹಣೆಗಿಳಿಯುವ ಎಣ್ಣೆ, ಹೇರ್ ಜೆಲ್, ತೊಳೆಯದ ಹೆಲ್ಮೆಟ್ಟಿನ ಒಳಪಟ್ಟಿ, ಇಷ್ಟನ್ನು ಸರಿಮಾಡಿದರೇ ಎಷ್ಟೋ ಹಣೆ ತಿಳಿಯಾಗುತ್ತದೆ. ಎಣ್ಣೆ ಹಚ್ಚಲೇಬೇಕಿದ್ದರೆ ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ.

ಪ್ರಶ್ನೆ: ಟೋನರಿಗೆ ಹಾಕುವ ಗ್ಲೈಕೋಲಿಕ್ ಆಮ್ಲ ಕಬ್ಬಿನಿಂದ ಬರುತ್ತದಂತೆ. ನಮ್ಮದೇ ಗದ್ದೆಯಲ್ಲಿ ಕಬ್ಬಿದೆ. ದುಡ್ಡು ಕೊಟ್ಟು ಬಾಟಲಿ ಏಕೆ, ಕಬ್ಬಿನ ಹಾಲನ್ನೇ ಹಚ್ಚಬಾರದೆ? ಕೆನ್ನೆಯ ಕಂದು ಬಂಗು ಟೋನರಿನಿಂದ ಹೋದೀತೆ? (ಪಾಂಡವಪುರ)

ಉತ್ತರ: ಕಬ್ಬಿನ ಹಾಲು ಕುಡಿಯಲು ಸೊಗಸು, ಮುಖಕ್ಕೆ ಅಂಟು. ಅದರಲ್ಲಿ ಮುಖ್ಯವಾಗಿ ಇರುವುದು ಸಕ್ಕರೆ; ಗ್ಲೈಕೋಲಿಕ್ ಇರುವುದು ಲೆಕ್ಕಕ್ಕೆ ಸಿಗದಷ್ಟು. ಹಾಲಿನ ಪಿಎಚ್ 5ರ ಮೇಲೆಯೇ ಇರುವುದರಿಂದ ಇದ್ದಷ್ಟೂ ಆಮ್ಲ ಚರ್ಮದ ಮೇಲೆ ಕೆಲಸ ಮಾಡದು. ಅಂಗಡಿಯ ಬಾಟಲಿಯ ಗ್ಲೈಕೋಲಿಕ್ ಬಹುತೇಕ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಾದದ್ದು, ಕಬ್ಬಿನ ಚಿತ್ರ ಅಲಂಕಾರಕ್ಕೆ. ಹಾಲು ಹಚ್ಚಿಕೊಂಡು ಗದ್ದೆಗೆ ಹೋದರೆ ಇರುವೆ, ನೊಣ ಮುತ್ತುವುದಷ್ಟೇ ಲಾಭ.

ಬಿಸಿಲಲ್ಲಿ ದುಡಿಯುವವರಿಗೆ ಶೇ 5ರಿಂದ 7ರ ಗ್ಲೈಕೋಲಿಕ್ ಟೋನರನ್ನು ನಾವು ಹೇಳುವುದೂ ಇಲ್ಲ. ಅದು ಚರ್ಮವನ್ನು ಬಿಸಿಲಿಗೆ ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ನಮ್ಮ ಕಂದು ಚರ್ಮ ಒಮ್ಮೆ ಉರಿದು ಕೆಂಪಾದರೆ ಆ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದೆ. ಕಲೆ ತೆಗೆಯಲು ಹೋಗಿ ಕಲೆ ತಂದುಕೊಂಡ ಹಾಗೆ. ಬಂಗಿನ ಬಗ್ಗೆಯೂ ಕೇಳಿದ್ದೀರಿ. ಬಂಗು ಟೋನರಿನಿಂದ ಹೋಗದು. ಅಗಲ ಅಂಚಿನ ಟೋಪಿಯೋ ಹಣೆ ಮುಚ್ಚುವ ಸೆರಗೋ ಇರಲಿ. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಂಕಿ) 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ತೋರುಬೆರಳು, ನಡುಬೆರಳಿನ ಉದ್ದಕ್ಕೂ ಹಿಂಡಿ, ಅಷ್ಟನ್ನೂ ಮುಖ ಕತ್ತಿಗೆ ಹಚ್ಚಿ. ಬೆವರು ಒರೆಸಿಕೊಂಡಾಗ, ಇಲ್ಲವೇ ಎರಡು ಗಂಟೆಗೊಮ್ಮೆ ಮತ್ತೆ. ಟೋನರಿನ ದುಡ್ಡನ್ನು ಇದಕ್ಕೆ ಹಾಕಿ.

ಪ್ರಶ್ನೆ: ದೇವರಾಜ ಮಾರುಕಟ್ಟೆ ಕಡೆ ಹೋದಾಗ ಗುಲಾಬಿ ಜಲ, ಜೊತೆಗೆ ಚಿಕ್ಕ ಬಾಟಲಿಯಲ್ಲಿ ಗಂಧದೆಣ್ಣೆ, ಮಲ್ಲಿಗೆ ಎಣ್ಣೆ ತಂದೆ. ಎರಡನ್ನೂ ಬೆರೆಸಿ ಟೋನರ್ ಮಾಡಿಕೊಳ್ಳಬಹುದೆ? ಅಕ್ಕಿ ತೊಳೆದ ನೀರು, ನಿಂಬೆರಸವೂ ಒಳ್ಳೆಯದೆಂದು ವಿಡಿಯೊದಲ್ಲಿ ನೋಡಿದೆ. (ಸರಸ್ವತಿಪುರಂ, ಮೈಸೂರು)

ಉತ್ತರ: ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ, ತೇಲುತ್ತದೆ. ಎಷ್ಟೇ ಕುಲುಕಿದರೂ ಕೊನೆಗೆ ಒಂದು ಸಿಂಪಡಿಕೆಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಅಪ್ಪಟ ಎಣ್ಣೆ ಕೆನ್ನೆಗೆ ಬೀಳುತ್ತದೆ. ಗಂಧ, ಮಲ್ಲಿಗೆ ಎರಡೂ ಕೆಲವರಿಗೆ ಅಲರ್ಜಿ ತರುವ ಪರಿಮಳಗಳು. ಇನ್ನು ನಿಜವಾದ ಗಂಧದೆಣ್ಣೆಯ ಬೆಲೆ ಮೈಸೂರಿನವರಿಗೆ ಹೇಳಿಕೊಡಬೇಕೆ? ಸಲೀಸಾಗಿ ಕೈಗೆಟುಕುವ ಬೆಲೆಗೆ ಸಿಕ್ಕಿದ್ದರೆ ಅದು ಬೇರೆ ಎಣ್ಣೆ ಬೆರೆಸಿದ್ದೋ ಸುಗಂಧ ಸೇರಿಸಿದ್ದೋ ಇರುತ್ತದೆ. ಸೆರಗಿನ ಅಂಚಿಗೆ, ಕರವಸ್ತ್ರಕ್ಕೆ ಚೆನ್ನ, ಮುಖಕ್ಕೆ ಬೇಡ.

ಗುಲಾಬಿ ಜಲದಲ್ಲಿ ಎರಡು ಜಾತಿ. ಗುಲಾಬಿ ಎಸಳನ್ನು ನೀರಿನ ಜೊತೆ ಭಟ್ಟಿ ಇಳಿಸಿದಾಗ ಬರುವುದು ಒಂದು. ಅದರ ಪಟ್ಟಿಯಲ್ಲಿ ರೋಸಾ ಡಮಾಸೆನಾ ಫ್ಲವರ್ ವಾಟರ್ ಎಂದು ಮೊದಲಿಗೇ ಇರುತ್ತದೆ. ನೀರಿಗೆ ಪರಿಮಳ ಸೇರಿಸಿದ್ದು ಇನ್ನೊಂದು. ಅದರಲ್ಲಿ ಆಕ್ವಾ, ಪರ್ಫ್ಯೂಮ್ ಎಂದಿರುತ್ತದೆ. ಪಟ್ಟಿಯೇ ಇಲ್ಲದ, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ, ಅವಧಿ ಮುಗಿಯುವ ದಿನ ಇಲ್ಲದ ಬಾಟಲಿಯನ್ನು ಮುಖಕ್ಕೆ ಮುಟ್ಟಿಸಬೇಡಿ. ಒಳ್ಳೆಯ ಗುಲಾಬಿ ಜಲ ಕೂಡ ಹಿತವಾದ ನೀರೇ ಹೊರತು ಔಷಧಿಯಲ್ಲ. ಒಣ ಚರ್ಮದವರು ಅದನ್ನು ಉಪಯುಕ್ತವಾಗಿಸಲು 50 ಮಿಲಿಗೆ ಅರ್ಧ ಟೀ ಚಮಚ ಗ್ಲಿಸರಿನ್ ಬೆರೆಸಿ. ಸುಮಾರು ಶೇ 5 ಆಗುತ್ತದೆ. ಇದಕ್ಕಿಂತ ಹೆಚ್ಚು ಹಾಕಿದರೆ ಮುಖ ಅಂಟಂಟಾಗಿ ಸಯ್ಯಾಜಿರಾವ್ ರಸ್ತೆಯ ಧೂಳೆಲ್ಲ ಕೂರುತ್ತದೆ. ಬಾಟಲಿಯನ್ನು ಮೊದಲು ಕುದಿನೀರಲ್ಲಿ ತೊಳೆದು ಒಣಗಿಸಿ, ಬೆರೆಸಿದ್ದನ್ನು ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ.

ಅಕ್ಕಿ ತೊಳೆದ ನೀರನ್ನು ನಮ್ಮ ಕಡೆ ಕಲಗಚ್ಚಿಗೆ ಸುರಿದು ಹಸುವಿಗೆ ಇಡುತ್ತಿದ್ದರು, ಈಗ ಅದೇ ಮುಖಕ್ಕೆ ಏರಿದೆ. ಗಂಜಿಯ ಅಂಶ ಇರುವುದರಿಂದ ಹಚ್ಚಿದಾಗ ನುಣುಪೆನಿಸುವುದು ನಿಜ. ಆದರೆ ಅದರಲ್ಲಿ ಕೆಡದಂತೆ ಕಾಯುವ ವಸ್ತು ಏನೂ ಇಲ್ಲ, ಹೊರಗಿಟ್ಟರೆ ಒಂದೇ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ‘ಹುಳಿ ಬರಿಸಿದರೆ ಇನ್ನೂ ಒಳ್ಳೆಯದು’ ಎಂಬ ವಿಡಿಯೊ ಮಾತನ್ನು ಕೇಳಬೇಡಿ. ಯಾವ ಸೂಕ್ಷ್ಮಜೀವಿ ಬೆಳೆದಿದೆ ಎಂದು ಮೂಗು ಹೇಳಲಾರದು. ಸೌತೆಕಾಯಿ ರಸವೂ ಹಾಗೆಯೇ, ಆಗಲೇ ತೆಗೆದು ಆಗಲೇ ಹಚ್ಚಿ ಹತ್ತು ನಿಮಿಷಕ್ಕೆ ತೊಳೆದರೆ ತೊಂದರೆಯಿಲ್ಲ.

ನಿಂಬೆರಸ ಮಾತ್ರ ಖಂಡಿತ ಬೇಡ. ಅದರ ಪಿಎಚ್ 2ರ ಆಸುಪಾಸು. ಜೊತೆಗೆ ಸಿಪ್ಪೆಯಲ್ಲಿರುವ ಕೆಲವು ರಾಸಾಯನಿಕಗಳು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಎದ್ದು, ಹರಿದ ರಸದ ಆಕಾರದಲ್ಲೇ ಕಪ್ಪು ಗೆರೆ ಉಳಿಯುತ್ತದೆ. ವಿನಿಗರ್, ಅಡುಗೆ ಸೋಡ ಇವಕ್ಕೂ ಇದೇ ಉತ್ತರ. ಒಂದು ತೀರಾ ಹುಳಿ, ಇನ್ನೊಂದು ಕ್ಷಾರ.

ಪ್ರಶ್ನೆ: ಹತ್ತಿಯಲ್ಲಿ ಒರೆಸಬೇಕೋ ಕೈಯಲ್ಲಿ ಹಚ್ಚಬೇಕೋ? ಹತ್ತಿಗೆ ದಿನವೂ ಹಳದಿ ಕೊಳೆ ಹತ್ತುತ್ತದೆ. (ಮದ್ದೂರು)

ಉತ್ತರ: ಕೈಯೇ ಸಾಕು, ತೊಳೆದ ಕೈ. ಒಂದು ಸಲಕ್ಕೆ ಸುಮಾರು 1 ಮಿಲಿ ಎಂದರೆ ದಿನಕ್ಕೆರಡು ಸಲದ ಲೆಕ್ಕದಲ್ಲಿ 100 ಮಿಲಿ ಬಾಟಲಿ 50 ದಿನ ಬರುತ್ತದೆ. ಹತ್ತಿ ನೆನೆಯಲು 2ರಿಂದ 3 ಮಿಲಿ ಹಿಡಿಯುತ್ತದೆ, ಬಾಟಲಿ ಮೂರು ವಾರಕ್ಕೆ ಖಾಲಿ, ತಿಕ್ಕಿದ ಉರಿ ಬೇರೆ. ಹಳದಿ ಕಂಡು ಗಾಬರಿಯಾಗಬೇಡಿ: ಅರಿಶಿನ ಹಚ್ಚುವವರಾದರೆ ಅದು ಅರಿಶಿನವೇ. ಹಚ್ಚುವುದಿಲ್ಲ ಎಂದಾದರೆ ಸನ್‌ಸ್ಕ್ರೀನೋ ಮೇಕಪ್ಪೋ ಉಳಿದಿದೆ, ಅಂದರೆ ಮುಖ ಸರಿಯಾಗಿ ತೊಳೆದಿಲ್ಲ. ರಾತ್ರಿ ಎರಡು ಸಲ ತೊಳೆಯಿರಿ, ಕೂದಲಂಚು, ಮೂಗಿನ ಪಕ್ಕ, ದವಡೆಯ ಕೆಳಗೆ ಮರೆಯದೆ.

ಪ್ರಶ್ನೆ: ಮೆಡಿಕಲ್ ಶಾಪಿನಿಂದ ತಂದ ಬೆಳ್ಳಗಾಗುವ ಕ್ರೀಮನ್ನು ಒಂದು ವರ್ಷದಿಂದ ಹಚ್ಚುತ್ತಿದ್ದೇನೆ. ಮೊದಲು ಮುಖ ಹೊಳೆಯಿತು. ಈಗ ಬಿಸಿಲಿಗೆ ಹೋದರೆ ಬೆಂಕಿ, ಯಾವ ಟೋನರ್ ಹಾಕಿದರೂ ಉರಿ, ಕ್ರೀಮ್ ಎರಡು ದಿನ ಬಿಟ್ಟರೆ ಮೊಡವೆ ಏಳುತ್ತದೆ. (ಮಳವಳ್ಳಿ)

ಉತ್ತರ: ಟೋನರನ್ನು ಇವತ್ತೇ ನಿಲ್ಲಿಸಿ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಈ ಹೆಸರುಗಳಲ್ಲಿ ಯಾವುದಾದರೂ ಇದೆಯೇ ನೋಡಿ. ಇವು ಸ್ಟೀರಾಯ್ಡ್. ತಿಂಗಳುಗಟ್ಟಲೆ ಮುಖಕ್ಕೆ ಬಿದ್ದರೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಾಣಿಸಿ, ಸಣ್ಣ ಕೂದಲು ಹುಟ್ಟಿ, ನೀವು ಬರೆದ ಹಾಗೆಯೇ ಬಿಟ್ಟರೆ ಕೆರಳುವ ಸ್ಥಿತಿ ಬರುತ್ತದೆ. ಅದಕ್ಕೇ ಒಮ್ಮೆಗೇ ನೀವಾಗಿ ಬಿಡಬೇಡಿ, ಇನ್ನೊಂದು ಟ್ಯೂಬು ಕೊಳ್ಳಲೂ ಬೇಡಿ. ಹೇಗೆ ಇಳಿಸಬೇಕೆಂದು ಚರ್ಮವೈದ್ಯರೇ ಹೇಳಬೇಕು. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್‌ನಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗವಿದೆ. ಹೋಗುವಾಗ ಆ ಟ್ಯೂಬನ್ನು, ಹಳೆಯ ಖಾಲಿ ಟ್ಯೂಬಿದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಅಲ್ಲಿಯವರೆಗೆ ತಣ್ಣೀರು, ಸುಗಂಧವಿಲ್ಲದ ಸಾದಾ ಮಾಯಿಶ್ಚರೈಸರ್, ಬಿಸಿಲಿಗೆ ಕೊಡೆ. ಅರಿಶಿನ, ಕಡಲೆಹಿಟ್ಟು, ಸ್ಕ್ರಬ್, ಬ್ಲೀಚ್ ಯಾವುದೂ ಮುಖದ ಹತ್ತಿರ ಬರಬಾರದು.

ಪ್ರಶ್ನೆ: ಶೇವಿಂಗ್ ಆದ ಮೇಲೆ ಪಟಿಕ ಉಜ್ಜುತ್ತೇನೆ. ಅದೂ ಟೋನರೇ ಅಲ್ಲವೆ? (ಶ್ರೀರಂಗಪಟ್ಟಣ)

ಉತ್ತರ: ಹಳೆಯ ಅರ್ಥದಲ್ಲಿ ಹೌದು. ಪಟಿಕ ಚರ್ಮದ ಮೇಲಿನ ಪ್ರೋಟೀನನ್ನು ಕುಗ್ಗಿಸಿ ಸಣ್ಣ ಗಾಯದ ರಕ್ತ ನಿಲ್ಲಿಸುತ್ತದೆ. ಒದ್ದೆ ಮಾಡಿ ಒಮ್ಮೆ ಸವರಿ, ಅರ್ಧ ನಿಮಿಷಕ್ಕೆ ತೊಳೆದು ಮಾಯಿಶ್ಚರೈಸರ್ ಹಚ್ಚಿ. ಹಾಗೇ ಒಣಗಲು ಬಿಟ್ಟರೆ ಸಿಪ್ಪೆ ಏಳುತ್ತದೆ. ಕಟಿಂಗ್ ಶಾಪಿನಲ್ಲಿ ಎಲ್ಲರ ಗಾಯಕ್ಕೂ ಒಂದೇ ಕಲ್ಲು ಉಜ್ಜುವಂತಿದ್ದರೆ ಬೇಡವೆನ್ನಿ, ನಿಮ್ಮ ಕಲ್ಲನ್ನು ನೀವೇ ಒಯ್ಯಿರಿ. ಅದೇ ದಿನ ಸ್ಯಾಲಿಸಿಲಿಕ್, ಗ್ಲೈಕೋಲಿಕ್ ಟೋನರ್ ಹಚ್ಚಬಾರದು.

ಪ್ರಶ್ನೆ: ಐದು ತಿಂಗಳ ಬಸುರಿ. ಈಗ ಟೋನರ್ ಹಚ್ಚಬಹುದೆ? (ಕೆ.ಆರ್. ಪೇಟೆ)

ಉತ್ತರ: ಗ್ಲಿಸರಿನ್, ನಯಾಸಿನಮೈಡ್ ಇರುವುದಕ್ಕೆ ಅಡ್ಡಿಯಿಲ್ಲ. ರೆಟಿನಾಲ್ ಇದ್ದರೆ ಬೇಡ. ಸ್ಯಾಲಿಸಿಲಿಕ್ ಈಗಾಗಲೇ ಹಚ್ಚುತ್ತಿದ್ದರೆ ಬಾಟಲಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ ಕೇಳಿ.

ಪ್ರಶ್ನೆ: ತೆರೆದ ಬಾಟಲಿ ಎಷ್ಟು ದಿನ ಇರುತ್ತದೆ? ಬಚ್ಚಲುಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. (ಜಯಲಕ್ಷ್ಮೀಪುರಂ, ಮೈಸೂರು)

ಉತ್ತರ: ತೆರೆದ ಡಬ್ಬಿಯ ಚಿತ್ರದೊಳಗೆ 6ಎಂ ಎಂದಿದ್ದರೆ ಆರು ತಿಂಗಳು, 12ಎಂ ಎಂದಿದ್ದರೆ ವರ್ಷ. ತೆರೆದ ದಿನವನ್ನು ಬಾಟಲಿಯ ತಳಕ್ಕೆ ಪೆನ್ನಿನಲ್ಲಿ ಬರೆದಿಡಿ. ಬಣ್ಣ ಬದಲಾಗಿದ್ದರೆ, ನೂಲಿನಂತೆ ಏನೋ ತೇಲುತ್ತಿದ್ದರೆ ಚೆಲ್ಲಿ. ಕಿಟಕಿಯಿಂದ ಮಾತ್ರ ಇವತ್ತೇ ಇಳಿಸಿ. ಬಿಸಿಲೂ ಹಂಡೆಯ ಆವಿಯೂ ತಾಗದ ಕಪಾಟಿನಲ್ಲಿಡಿ.